ಏಳು ದನ, ಹಾಲು ಎರಡರದ್ದು ಮಾತ್ರ

ಪ್ರಶ್ನೆ: ನಮ್ಮಲ್ಲಿ ಮಲೆನಾಡು ಗಿಡ್ಡ ನಾಲ್ಕು, ಜರ್ಸಿ ಮಿಶ್ರತಳಿ ಮೂರು. ಹಾಲು ಕೊಡುತ್ತಿರುವುದು ಎರಡೇ. ಒಂದು ಜರ್ಸಿಗೆ ನಾಲ್ಕು ಸಲ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದರೂ ಗಬ್ಬ ಕಟ್ಟಲಿಲ್ಲ. ಬೆಟ್ಟಕ್ಕೆ ಮೇಯಲು ಹೋಗುವ ಗಿಡ್ಡಗಳಿಗೆ ಈ ತೊಂದರೆಯೇ ಇಲ್ಲ. ಹಿಂಡಿ ಜಾಸ್ತಿ ಮಾಡಿ ನೋಡಿದೆವು, ಖರ್ಚು ಏರಿತು ಅಷ್ಟೇ. ಏನು ಮಾಡಲಿ?
– ಒಬ್ಬ ಓದುಗರು, ಶಿರಸಿ ತಾಲೂಕು

ಉತ್ತರ: ಹಿಂಡಿ ವಿಷಯ ಆಮೇಲೆ. ಆ ಜರ್ಸಿ ಕರು ಹಾಕಿದ್ದು ಯಾವಾಗ, ನಾಲ್ಕು ಇಂಜೆಕ್ಷನ್ ಯಾವ ಯಾವ ತಾರೀಕು? ಪತ್ರದಲ್ಲಿ ಅದೇ ಇಲ್ಲ. ನಿಮ್ಮನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ ಬಿಡಿ. ನಮ್ಮ ಕಡೆ ಜಗಲಿಯ ಕ್ಯಾಲೆಂಡರಿನಲ್ಲಿ ಅಡಿಕೆ ತೂಕ, ಸೊಸೈಟಿ ಕಂತು, ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲ ಇರುತ್ತದೆ, ಆಕಳ ಸುದ್ದಿ ಮಾತ್ರ ಇರುವುದಿಲ್ಲ.

ಬೆಟ್ಟಕ್ಕೆ ಹೋಗುವ ಗಿಡ್ಡದ ಬೆದೆಯನ್ನು, ಅಂದರೆ ಗಬ್ಬ ಕಟ್ಟಲು ಸಿದ್ಧವಾದ ಹೊತ್ತನ್ನು, ಹೋರಿಯೇ ಪತ್ತೆ ಮಾಡುತ್ತದೆ. ಕಟ್ಟಿ ಸಾಕುವ ಜರ್ಸಿಗೆ ಆ ಕೆಲಸ ನೀವೇ ಮಾಡಬೇಕು. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಇರುವುದು ಹೆಚ್ಚೆಂದರೆ ಒಂದು ಹಗಲೋ ಒಂದು ರಾತ್ರಿಯೋ. ಕೂಗದೆ, ಮೇವು ಬಿಡದೆ ಸುಮ್ನೆ ಬಂದು ಹೋಗುವುದೂ ಉಂಟು. ಗಾಜಿನಂಥ ತಿಳಿ ಲೋಳೆ ಬಿದ್ದಿದ್ದರೂ ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕಿನಲ್ಲಿ (ಒಣ ಎಲೆಯಲ್ಲಿ) ಅದು ಕಾಣುವುದಿಲ್ಲ, ಹಾಗಾಗಿ ನೆಲ ಬಿಟ್ಟು ಬಾಲದ ಬುಡ ನೋಡಿ. ಬೆಳಿಗ್ಗೆ, ಸಂಜೆ ಇಪ್ಪತ್ತು ನಿಮಿಷ ಅಂಗಳಕ್ಕೆ ಬಿಡಿ. ಇನ್ನೊಂದು ಆಕಳು ಮೈಮೇಲೆ ಹತ್ತಿದಾಗ ಅಲುಗಾಡದೆ ನಿಂತಿತು ಅಂದರೆ ಅದೇ ಸರಿಯಾದ ಬೆದೆ. ಬೆಳಿಗ್ಗೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ನಮ್ಮವರು ತೋಟದ ಕೆಲಸ ಮುಗಿಸಿ, ಊಟ ಮಾಡಿ, ಮರುದಿನ ಮಧ್ಯಾಹ್ನ ಫೋನ್ ಮಾಡುತ್ತಾರೆ!

ನಿಮ್ಮ ಜರ್ಸಿಗೆ ಐದನೆಯ ಇಂಜೆಕ್ಷನ್ ಈಗಲೇ ಬೇಡ. ಗರ್ಭಕೋಶದಲ್ಲಿ ಸೋಂಕು ಇದೆಯಾ ಅಂತ ಪಶುವೈದ್ಯರಿಂದ ನೋಡಿಸಿ. ಮುಂದೆ ಯಾವಾಗ ಕೊಡಿಸಿದರೂ ಕ್ಯಾಲೆಂಡರಿನಲ್ಲಿ 21ನೇ ದಿನಕ್ಕೆ ಗುರುತು ಹಾಕಿ ಗಮನಿಸಿ, ಬೆದೆ ಬರಲಿಲ್ಲವೆಂದು ನಂಬಿ ಕೂರದೆ ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ ಮಾಡಿಸಿ. ಗಬ್ಬ ಒಂಬತ್ತು ತಿಂಗಳ ಮೇಲೆ ಕೆಲವು ದಿನ. ವರ್ಷಕ್ಕೊಂದು ಕರು ಬೇಕಾದರೆ ಕರು ಹಾಕಿದ ಮೂರು ತಿಂಗಳೊಳಗೆ ಮತ್ತೆ ಗಬ್ಬ ಕಟ್ಟಬೇಕು, ತಪ್ಪಿಸಿಕೊಂಡ ಒಂದೊಂದು ಬೆದೆಗೂ 21 ದಿನ ನಷ್ಟ.

ಹಿಂಡಿ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಹಾಕುತ್ತಿದ್ದೀರಿ ಅಂತ ನನ್ನ ಅನುಮಾನ. ಹಾಲಿಲ್ಲದ ಗಿಡ್ಡಕ್ಕೆ ಅಷ್ಟು ಬೇಕಿಲ್ಲ, ಹಾಲು ಕೊಡುವುದಕ್ಕೆ, ತುಂಬು ಗಬ್ಬದ್ದಕ್ಕೆ ಕೊಡಿ. ನಮ್ಮ ಮಳೆಗೆ ಮಣ್ಣಿನ ಸತ್ವ ತೊಳೆದುಹೋಗಿ ಹುಲ್ಲಿನಲ್ಲೂ ಖನಿಜ ಕಡಿಮೆ. ಹಾಲು ಕೊಡುವ ಜರ್ಸಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿ ಜೊತೆ ಕಲಸಿ ಹಾಕಿ, ಬೆದೆ ಸರಿಯಾಗಲೂ ಅದು ಬೇಕು.

ಅಂದಹಾಗೆ, ಮುಂದಿನ ಕರು ಹುಟ್ಟಿದಾಗ ಮಾಸು (ಕರುವಿನ ಹಿಂದೆ ಬೀಳುವ ಕಸ) ಬೀಳಲಿ ಅಂತ ಕಾಯಬೇಡಿ, ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ನೆರೆಮನೆಗೆ ಗಿಣ್ಣ ಹಂಚುವುದು ಕರುವಿನ ಹೊಟ್ಟೆ ತುಂಬಿದ ಮೇಲೆ.