ನಮ್ಮೂರ ಪಿನ್‌ಕೋಡ್ ಒಡೆದ ಕಥೆ

ಆರಂಕಿಯ ಸಂಖ್ಯೆ ಕೊಟ್ಟರೆ ಅದು ಅವಿಭಾಜ್ಯವೋ (ಅಂದರೆ 1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವುದೋ) ಅಲ್ಲವೋ ಅಂತ ಕ್ಯಾಲ್ಕುಲೇಟರ್ ಇಲ್ಲದೆ ಹೇಳಬಹುದಾ ಅಂತ ಕೇಳಿದ್ದೀರಿ. ಹೇಳಬಹುದು, ಅವಸರ ಮಾಡಬಾರದು ಅಷ್ಟೇ. ನಾನು ಅವಸರ ಮಾಡಿ ಮಗಳ ಹತ್ತಿರ ನಗೆಪಾಟಲಾದವನು.

ನಾನೇನು ಗಣಿತದ ಮೇಷ್ಟ್ರಲ್ಲ. ಶಿವಮೊಗ್ಗದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಕಳಿಸುತ್ತೇನೆ. ಪ್ರತಿ ಡಬ್ಬಿಯ ಮೇಲೂ ನಮ್ಮ ಪಿನ್‌ಕೋಡ್ 577201 ಬರೆಯಬೇಕು. ಒಂದು ಮಧ್ಯಾಹ್ನ ಜೋರು ಮಳೆ, ಕರೆಂಟ್ ಹೋಗಿತ್ತು. ಸುಮ್ನೆ ಕೂತು ಬಿಲ್ಲಿನ ಹಿಂದೆ ಅದನ್ನೇ ಭಾಗಿಸತೊಡಗಿದೆ.

ಕೊನೆಯಲ್ಲಿ 1 ಇದೆ, ಹಾಗಾಗಿ 2, 5 ಆಗುವುದಿಲ್ಲ. ಅಂಕಿ ಕೂಡಿದರೆ 22, ಆದ್ದರಿಂದ 3 ಕೂಡ ಇಲ್ಲ. 7ರಿಂದ ಭಾಗಿಸಿದರೆ ಶೇಷ 2. 11ಕ್ಕೆ 9. 13ಕ್ಕೆ 1. "ನಮ್ಮ ಪಿನ್‌ಕೋಡ್ ಅವಿಭಾಜ್ಯ ಕಣೇ" ಅಂತ ಒಳಗಿದ್ದ ಮಗಳಿಗೆ ಕೂಗಿದೆ. "17 ನೋಡಿದ್ಯಾ ಅಪ್ಪಾ?" ಅಂದಳು.

17ಕ್ಕೆ ಒಂದು ಸುಲಭದ ದಾರಿ ಇದೆ. ಕೊನೆಯ ಅಂಕಿ ಬಿಡಿಸಿ, ಅದರ ಐದು ಪಟ್ಟನ್ನು ಉಳಿದದ್ದರಿಂದ ಕಳೆಯುವುದು. 57720ರಲ್ಲಿ 5 ಕಳೆದರೆ 57715. 5771ರಲ್ಲಿ 25 ಕಳೆದರೆ 5746. 574ರಲ್ಲಿ 30 ಹೋದರೆ 544. 54ರಲ್ಲಿ 20 ಹೋದರೆ 34. ಹದಿನೇಳೆರಡ್ಲಿ ಮೂವತ್ನಾಲ್ಕು! ಹೀಗೆ ಮಾಡುವಾಗ ಪ್ರತಿಸಲ ಕೊನೆಯ ಅಂಕಿಯ 51 ಪಟ್ಟನ್ನು ಕಳೆದು, ಬಾಲದ ಸೊನ್ನೆ ತೆಗೆದ ಹಾಗೆ. 51 ಅಂದರೆ 17ರ ಮೂರು ಪಟ್ಟು ಅಲ್ವಾ, ಅದಕ್ಕೇ ಇದು ನಡೆಯುತ್ತದೆ.

577201ನ್ನು 17ರಿಂದ ಭಾಗಿಸಿದರೆ ಬರುವುದು 33953. 19ಕ್ಕೆ ಕಳೆಯುವ ಬದಲು ಕೊನೆಯ ಅಂಕಿಯ ಎರಡು ಪಟ್ಟು ಕೂಡಬೇಕು: 3401, 342, 38. ಅದೂ ಹೋಯಿತು. ಕೊನೆಗೆ 577201 = 17 × 19 × 1787. ಈ 1787ಕ್ಕೆ 41ರವರೆಗೆ ನೋಡಿದರೆ ಸಾಕು, ಯಾಕೆಂದರೆ ಅದು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದಾದರೆ ಒಂದಾದರೂ 43ಕ್ಕಿಂತ ಚಿಕ್ಕದಿರಬೇಕು; 43ರ ವರ್ಗವೇ 1849, ಆಗಲೇ ದಾಟಿತು. ಯಾವುದೂ ಭಾಗಿಸಲಿಲ್ಲ. ಅದು ನಿಜವಾಗಿ ಅವಿಭಾಜ್ಯ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ನಾನು ಮರೆತದ್ದು. 760ರ ವರ್ಗ 577600. ಅಂದರೆ 577201 ಅವಿಭಾಜ್ಯ ಅನ್ನಬೇಕಿದ್ದರೆ 760ರೊಳಗಿನ 134 ಅವಿಭಾಜ್ಯಗಳನ್ನೂ ನೋಡಬೇಕಿತ್ತು. ನಾನು ಆರಕ್ಕೇ ಎದ್ದುಬಿಟ್ಟೆ. ಏಳನೆಯದೇ ಭಾಗಿಸಿತು, ಎಂಟನೆಯದೂ!

577201ರ ಇನ್ನೊಂದು ಗುಣ ಅಂದರೆ, ಅದಕ್ಕೆ ಎಂಟು ಭಾಜಕಗಳು. ತನ್ನನ್ನು ಬಿಟ್ಟು ಉಳಿದ ಏಳನ್ನು ಕೂಡಿದರೆ 66479, ಅಂದರೆ ತನ್ನ ಎಂಟನೇ ಒಂದು ಭಾಗವೂ ಇಲ್ಲ, ಬಡಪಾಯಿ. ಪಕ್ಕದ 577200 ಮಾತ್ರ 2, 3, 5, 13, 37 ಎಲ್ಲಕ್ಕೂ ಒಗ್ಗುತ್ತದೆ. ನನಗೆ 13ಕ್ಕೆ ಶೇಷ 1 ಬಂದದ್ದು ಅದಕ್ಕೇ.

ಸಾಗರ ಊರಿನ ಪಿನ್‌ಕೋಡ್ 577401 ಇಷ್ಟು ಸತಾಯಿಸುವುದಿಲ್ಲ. ಅಂಕಿ ಕೂಡಿದರೆ 24, 3ರಿಂದ ಸಲೀಸಾಗಿ ಹೋಗುತ್ತದೆ. ಉಳಿಯುವ 192467ಕ್ಕೆ 11 ಹಾಕಿ ನೋಡಿ.