ಇಮ್ಯುನಿಟಿ ಬೆಳೆಸಿಕೊಂಡರೆ ಹೊಟ್ಟೆಯ ಪೈಲೋರಿ ತಾನಾಗೇ ಹೋಗುತ್ತಾ?

ರಕ್ತದಲ್ಲಿ ಎಚ್. ಪೈಲೋರಿ (ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲ ಬ್ಯಾಕ್ಟೀರಿಯಾ) ವಿರುದ್ಧ ದೇಹ ತಯಾರಿಸುವ ಆಂಟಿಬಾಡಿ ಜಾಸ್ತಿ ಬಂದಿದೆ, ದೇಹ ಹೋರಾಡ್ತಾ ಇದೆ, ಆಂಟಿಬಯಾಟಿಕ್ ಯಾಕೆ, ಇಮ್ಯುನಿಟಿ ಬೆಳೆಸಿಕೊಂಡರೆ ಸಾಲದಾ ಅಂತ ಕೇಳಿದ್ದೀರಿ. ನಾನೂ ಥೇಟ್ ಇದೇ ಲೆಕ್ಕ ಹಾಕಿದ್ದೆ.

ಹೊಟ್ಟೆ ಉರಿ, ತೇಗು, ರಾತ್ರಿ ಎಚ್ಚರ. ಗ್ಯಾಸ್ಟ್ರಿಕ್ ಅಂತ ಸುಮ್ನೆ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿಕೊಂಡಿದ್ದೆ. ಮನೆ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟೆ, ರಿಪೋರ್ಟಿನಲ್ಲಿ ಆಂಟಿಬಾಡಿ ಸಿಕ್ಕಾಪಟ್ಟೆ. ಖುಷಿಯಾಗಿಬಿಟ್ಟಿತು! ಅಮೃತಬಳ್ಳಿ ಕಷಾಯ ಶುರು ಮಾಡಿ, ಡಾಕ್ಟರ್ ಬರೆದ ಆಂಟಿಬಯಾಟಿಕ್ ಚೀಟಿಯನ್ನು ಫ್ರಿಜ್ಜಿನ ಮೇಲಿಟ್ಟು ಮರೆತೆ. ಸುಸ್ತಾದಾಗ ಕಬ್ಬಿಣಾಂಶದ ಮಾತ್ರೆ ತಗೊಂಡೆ. ಮಲ ಕಪ್ಪಾಯಿತು. ಕಬ್ಬಿಣದ ಮಾತ್ರೆಗೆ ಹಾಗಾಗುತ್ತೆ ಅಂತ ಎಲ್ಲೋ ಓದಿದ್ದೆ, ಸುಮ್ಮನಾದೆ. ಆದರೆ ಅದು ಡಾಂಬರಿನ ಹಾಗೆ ಅಂಟಂಟಾಗಿ, ಸಹಿಸಲಾಗದ ವಾಸನೆ ಬರುತ್ತಿತ್ತು. ಬಚ್ಚಲಲ್ಲಿ ತಲೆ ತಿರುಗಿ ಬಿದ್ದಾಗ ಗೊತ್ತಾಯಿತು, ಹುಣ್ಣಿನಿಂದ ರಕ್ತ ಸೋರುತ್ತಿದೆ ಅಂತ. ಎರಡು ಬಾಟಲಿ ರಕ್ತ ಹಾಕಿಸಿಕೊಂಡು ಬದುಕಿದೆ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅಲ್ಲೇ ನಿಂತಿದ್ದೀರಿ. ಆಂಟಿಬಾಡಿ ಇದೆ ಅಂದರೆ ದೇಹ ಆ ಬ್ಯಾಕ್ಟೀರಿಯಾವನ್ನು ಗುರುತು ಹಿಡಿದಿದೆ ಅಂತ ಅಷ್ಟೇ. ಗೆಲ್ಲುತ್ತಿದೆ ಅಂತಲ್ಲ. ಆಂಟಿಬಾಡಿ ಇರುವುದು ರಕ್ತದಲ್ಲಿ, ಪೈಲೋರಿ ಇರುವುದು ಹೊಟ್ಟೆಯ ಗೋಡೆಗೆ ಹೊದಿಸಿದ ಲೋಳೆಯೊಳಗೆ. ಅಲ್ಲಿಗೆ ಅದರ ಕೈ ಸರಿಯಾಗಿ ಎಟುಕುವುದಿಲ್ಲ. ಅದಕ್ಕೇ ಚಿಕ್ಕಂದಿನಲ್ಲಿ ಸೇರಿಕೊಂಡ ಪೈಲೋರಿ ಮುದುಕರಾದರೂ ಹೊಟ್ಟೆಯಲ್ಲೇ ಇರುತ್ತದೆ, ಆಂಟಿಬಾಡಿಯೂ ಇರುತ್ತದೆ.

ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮಾಡಿ, ಹೊಟ್ಟೆಯ ಗೋಡೆಯ ಸಣ್ಣ ಚೂರು ತೆಗೆದು ಯೂರಿಯಾ ಬೆರೆಸಿದ ಹಳದಿ ಜೆಲ್ಲಿನಲ್ಲಿ ಇಟ್ಟರು. ನೋಡನೋಡುತ್ತಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತು. ಪೈಲೋರಿ ತನ್ನ ಯೂರಿಯೇಸ್ ಕಿಣ್ವದಿಂದ ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಬಣ್ಣ ತಿರುಗುವುದು ಅದಕ್ಕೆ. ಹೊಟ್ಟೆಯ ಆಸಿಡ್ಡಿನಲ್ಲಿ ಸಾಯದೆ ಉಳಿಯುವುದೂ ಅದೇ ಅಮೋನಿಯಾದಿಂದ.

ಇನ್ನು ನಿಮ್ಮ ಇಮ್ಯುನಿಟಿ ವಿಷಯ. ಅದು ಕಡಿಮೆಯಾಗಿದೆ ಅಂತ ಯಾರು ಹೇಳಿದರು? ಕೆಲವು ತಳಿಯ ಪೈಲೋರಿ, ಕ್ಯಾಗ್‌ಎ ಅನ್ನೋ ಪ್ರೋಟೀನನ್ನು ನಮ್ಮ ಕೋಶಗಳಿಗೆ ಚುಚ್ಚುತ್ತದೆ. ಕೋಶಗಳು ಐಎಲ್-8 ಅನ್ನೋ ಸಂಕೇತ ಬಿಡುತ್ತವೆ, ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ, ಬ್ಯಾಕ್ಟೀರಿಯಾ ಕೊಲ್ಲಲು ವಿಷದಂಥ ರಾಸಾಯನಿಕ ಸುರಿಯುತ್ತವೆ. ಲೋಳೆಯಲ್ಲಿ ಅಡಗಿದ ಪೈಲೋರಿ ಬಹುಪಾಲು ಬಚಾವ್. ಪೆಟ್ಟು ಬೀಳುವುದು ನಮ್ಮದೇ ಒಳಪದರಕ್ಕೆ. ಹುಣ್ಣಿಗೆ ಇದೂ ಒಂದು ಕಾರಣ. ಸಾಲದ್ದಕ್ಕೆ ಅದರ ವ್ಯಾಕ್‌ಎ ಪ್ರೋಟೀನ್, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶ ಅನ್ನೋ ಬಿಳಿ ರಕ್ತಕಣಗಳನ್ನು ಹತ್ತಿಕ್ಕುತ್ತದೆ, ನಮ್ಮ ದೇಹದ ನಿಯಂತ್ರಕ ಟಿ ಕೋಶಗಳೂ ಉರಿಯೂತ ಜಾಸ್ತಿಯಾಗದಿರಲಿ ಅಂತ ಬ್ರೇಕ್ ಹಾಕುತ್ತವೆ. ಹೀಗೆ ಉರಿಯೂತವೂ ಆರುವುದಿಲ್ಲ, ಪೈಲೋರಿಯೂ ಸಾಯುವುದಿಲ್ಲ. ಇದರ ಮೇಲೆ ಕಷಾಯದಿಂದ ಏನನ್ನು ಬೆಳೆಸುತ್ತೀರಿ ಹೇಳಿ!

ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಬೇಕಂತಲೇ ಈ ಬ್ಯಾಕ್ಟೀರಿಯಾ ಕುಡಿದರು. ಆರೋಗ್ಯವಾಗಿದ್ದ ಡಾಕ್ಟರ್, ಕೆಲವೇ ದಿನಗಳಲ್ಲಿ ವಾಂತಿ, ಎಂಡೋಸ್ಕೋಪಿಯಲ್ಲಿ ಉರಿಯೂತ. 2005ರಲ್ಲಿ ಜೊತೆಗಾರ ಸಂಶೋಧಕ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು ಬಿಡಿ, ಆದರೆ ಗಟ್ಟಿಮುಟ್ಟಾದ ದೇಹವೂ ಅದನ್ನು ಬಾಗಿಲಲ್ಲೇ ತಡೆಯಲಿಲ್ಲ.

ಹಾಗಾಗಿ ಹೊಟ್ಟೆರೋಗದ ಡಾಕ್ಟರನ್ನು ನೋಡಿ. ಸೋಂಕು ಈಗಲೂ ಇದೆ ಅಂತ ಖಾತ್ರಿಯಾದರೆ ಸಾಮಾನ್ಯವಾಗಿ 14 ದಿನದ ಆಂಟಿಬಯಾಟಿಕ್ ಕೋರ್ಸ್ ಕೊಡುತ್ತಾರೆ. ಬಾಯೆಲ್ಲ ಕಹಿಯಾಗುತ್ತದೆ, ಆದರೂ ಮಧ್ಯದಲ್ಲಿ ಬಿಡಬೇಡಿ. ಕೋರ್ಸಿನಲ್ಲಿ ಬಿಸ್ಮತ್ ಅನ್ನೋ ಔಷಧಿ ಇದ್ದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಅಂಟಂಟಾಗಿ ನಾರುತ್ತಿದ್ದರೆ, ತಲೆ ಸುತ್ತಿದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಓಡಿ. ಕೋರ್ಸ್ ಮುಗಿದು ಕನಿಷ್ಠ 4 ವಾರ ಆದ ಮೇಲೆ ಉಸಿರಿನ ಟೆಸ್ಟ್ ಅಥವಾ ಮಲದ ಆಂಟಿಜೆನ್ ಟೆಸ್ಟ್ (ಮಲದಲ್ಲಿ ಪೈಲೋರಿಯ ಅಂಶ ಹುಡುಕುವುದು) ಮಾಡಿಸಿ. ಅದಕ್ಕೆ 2 ವಾರ ಮೊದಲು ಪ್ಯಾಂಟೊಪ್ರಜೋಲ್ ನಿಲ್ಲಿಸಬೇಕಾಗುತ್ತದೆ, ಡಾಕ್ಟರನ್ನು ಕೇಳಿಕೊಂಡೇ ನಿಲ್ಲಿಸಿ. ರಕ್ತದ ಟೆಸ್ಟೇ ಸಾಕು ಸಾರ್, ರೇಟೂ ಕಡಿಮೆ ಅಂತ ಲ್ಯಾಬಿನವರು ಹೇಳಿದರೆ ಬೇಡ ಅನ್ನಿ. ಪೈಲೋರಿ ಸತ್ತು ತಿಂಗಳುಗಟ್ಟಲೆ ಆದರೂ ಅದರಲ್ಲಿ ಪಾಸಿಟಿವ್ ಬರುತ್ತಲೇ ಇರುತ್ತದೆ.