ಕೋಲಾರದಿಂದ ಅಮೆರಿಕದ ಟಿ32 ತರಬೇತಿ ವೇತನಕ್ಕೆ ಅರ್ಜಿ: ಪ್ರತಿಕ್ರಿಯೆ

ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಮುಗಿಸಿದ ಮುಳಬಾಗಿಲಿನ ನೀವು, ಪರಿಸರ ಆರೋಗ್ಯ ದತ್ತಾಂಶ ವಿಜ್ಞಾನದ ಟಿ32 ವೇತನಕ್ಕೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ಟಿ32 ಎಂದರೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ವಿಶ್ವವಿದ್ಯಾಲಯಗಳಿಗೆ ಕೊಡುವ ಸಂಶೋಧನಾ ತರಬೇತಿ ಅನುದಾನ; ವೇತನ ಅದರಿಂದ ಬರುತ್ತದೆ. ಆ ವೇತನ ನಿಮಗೆ ಸಿಗುವುದಿಲ್ಲ. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಅರ್ಜಿ ಶುಲ್ಕ ಕಟ್ಟುವ ಮೊದಲೇ ಕೇಳಿದಿರಲ್ಲ, ಒಳ್ಳೆಯದಾಯಿತು.

ಆದರೆ ಆ ಅನುದಾನವಿರುವ ವಿಶ್ವವಿದ್ಯಾಲಯ ವಿಭಾಗಗಳ ಪಿಎಚ್.ಡಿ.ಗೆ ನೀವು ಸೇರಬಹುದು. ಸಂಶೋಧನಾ ಸಹಾಯಕರಿಗೆ ಅಥವಾ ಬೋಧನಾ ಸಹಾಯಕರಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಮಾಸಿಕ ವೇತನವೂ ಬರುತ್ತದೆ. ವಿದೇಶಿ ವಿದ್ಯಾರ್ಥಿಗೆ ಎಷ್ಟು ವರ್ಷ, ಯಾವ ಮೂಲದಿಂದ ಹಣ ಎಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ. ಪಿಎಚ್.ಡಿ. ನಂತರದ ಸಂಶೋಧಕರಿಗೆ ಪ್ರಾಧ್ಯಾಪಕರ ಯೋಜನಾ ಅನುದಾನದಿಂದಲೂ ವೇತನ ಕೊಡುತ್ತಾರೆ.

ಪಿಎಚ್.ಡಿ. ಅರ್ಜಿಯ ಉದ್ದೇಶ ಪತ್ರದಲ್ಲಿ ನಮ್ಮ ಜಿಲ್ಲೆಯ ಅಂತರ್ಜಲದ ಫ್ಲೋರೈಡ್ ಬಗ್ಗೆಯೇ ಬರೆಯಿರಿ ಎಂಬುದು ನನ್ನ ಒತ್ತಾಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಆದರೆ ಫ್ಲೋರೈಡ್ ಹೆಚ್ಚಾದಾಗ ಮೂಡುವ ಹಲ್ಲಿನ ಕಲೆ ಮಗು ಇಂದು ಕುಡಿಯುವ ನೀರಿನದಲ್ಲ, ಹಲ್ಲು ರೂಪುಗೊಳ್ಳುವಾಗ ಕುಡಿದ ನೀರಿನ ಗುರುತು. ಅಷ್ಟರಲ್ಲಿ ಆ ಮನೆ ಬೋರ್‌ವೆಲ್ ಬಿಟ್ಟು ಶುದ್ಧ ನೀರಿನ ಘಟಕಕ್ಕೆ ಬದಲಾಗಿರಬಹುದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ ಸುತ್ತಲಿನ ಅಂತರ್ಜಲವೂ ಮೊದಲಿನಂತಿಲ್ಲ. ಹಳೆಯ ನೀರಿನ ಪರೀಕ್ಷೆಯನ್ನು ಇಂದಿನ ದಂತ ತಪಾಸಣೆಯೊಂದಿಗೆ ಹೇಗೆ ಜೋಡಿಸುತ್ತೀರಿ? ಸಂಖ್ಯಾಶಾಸ್ತ್ರ ಓದಿದವರೇ ಉತ್ತರಿಸಬೇಕಾದ ಪ್ರಶ್ನೆ ಇದು.

ಜೊತೆಗೆ ಭಾರತದಲ್ಲೇ ಸಂಶೋಧನಾ ಫೆಲೋಶಿಪ್‌ಗಾಗಿ ನಡೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಗಣಿತ ವಿಜ್ಞಾನ ಪತ್ರಿಕೆಯನ್ನೂ ಬರೆಯಿರಿ. 2023ರ ಪರಿಷ್ಕರಣೆಯಂತೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ. ದೇವನಹಳ್ಳಿಯ ಬಳಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ; ಅಲ್ಲಿನ ಯೋಜನಾ ಹುದ್ದೆಗಳ ಪ್ರಕಟಣೆಯನ್ನೂ ಗಮನಿಸುತ್ತಿರಿ.